ಗಾಮಾ-ಎಚ್2ಎಎಕ್ಸ್ ಚುಕ್ಕೆ ಇದೆ, 53ಬಿಪಿ1 ಚುಕ್ಕೆ ಇಲ್ಲ: ಯುಬಿಕ್ವಿಟಿನ್ ಗುರುತು ಎಲ್ಲಿ ಕೈಕೊಡುತ್ತಿದೆ?

ಸರಸ್ವತಿಪುರಂ_ಸೆಲ್

ಮೈಸೂರಿನಲ್ಲಿ ನಡೆಯುತ್ತಿರುವ ಒಂದು ಪ್ರಾಜೆಕ್ಟಿನ ಬಗ್ಗೆ ಪ್ರಶ್ನೆ. ವಿಕಿರಣದಿಂದ ಡಿಎನ್‌ಎ ತುಂಡಾದ ಜಾಗಕ್ಕೆ ದುರಸ್ತಿ ಪ್ರೋಟೀನುಗಳು ಬಂದು ಸೇರಿ ಚುಕ್ಕೆಯಾಗಿ ಕಾಣುವುದನ್ನು ನೋಡುತ್ತಿದ್ದೇವೆ; ಅದಕ್ಕೆ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಮೇಲೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನಿನ ಗುರುತು ಬೇಕು. ಕನ್ನಡದಲ್ಲೇ ಉತ್ತರಿಸಿದರೆ ಎಂ.ಎಸ್ಸಿ ಹುಡುಗರಿಗೂ ಓದಿಸಬಹುದು.

ಯು2ಓಎಸ್ (ಮಾನವ ಮೂಳೆ ಕ್ಯಾನ್ಸರ್) ಸೆಲ್‌ಗಳು ಕವರ್‌ಸ್ಲಿಪ್ ಮೇಲೆ. ಆಸ್ಪತ್ರೆಯ 6 ಎಂವಿ ಲಿನಾಕ್‌ನಲ್ಲಿ (ವಿಕಿರಣ ಚಿಕಿತ್ಸೆಯ ಯಂತ್ರ) 2 ಗ್ರೇ ಡೋಸ್, ಆಮೇಲೆ 37 ಡಿಗ್ರಿಯಲ್ಲಿ 1 ಗಂಟೆ, ನಂತರ 4% ಪ್ಯಾರಾಫಾರ್ಮಾಲ್ಡಿಹೈಡ್. ಯುಬಿಕ್ವಿಟಿನ್ ಗುರುತು ಅಳಿಯದಿರಲಿ ಎಂದು ವಿಕಿರಣಕ್ಕೆ 4 ಗಂಟೆ ಮುಂಚೆಯೇ ಎಂಜಿ132 (ಪ್ರೋಟೀನ್ ಕೊಳೆಸುವ ಪ್ರೋಟಿಯಸೋಮನ್ನು ತಡೆಯುವ ರಾಸಾಯನಿಕ), 10 ಮೈಕ್ರೋಮೋಲಾರ್. ಗಾಮಾ-ಎಚ್2ಎಎಕ್ಸ್ (ತುಂಡಿನ ಬಳಿ ಫಾಸ್ಫೇಟ್ ಬಿದ್ದ ಹಿಸ್ಟೋನ್ ಎಚ್2ಎಎಕ್ಸ್) ಚುಕ್ಕೆಗಳು ಚೆನ್ನಾಗಿವೆ, ಅದನ್ನು ಹಿಡಿಯುವ ಎಂಡಿಸಿ1 ಕೂಡ. ದುರಸ್ತಿ ಪ್ರೋಟೀನ್ 53ಬಿಪಿ1 ಮಾತ್ರ ನ್ಯೂಕ್ಲಿಯಸ್ ತುಂಬ ಹರಡಿಕೊಂಡಿದೆ, ಚುಕ್ಕೆ ಕಟ್ಟುತ್ತಿಲ್ಲ.

ಎರಡನೆಯದು, ಜಿಎಸ್‌ಟಿ-53ಬಿಪಿ1ರ 1484–1631 ತುಣುಕು, ಅಂದರೆ ಟ್ಯೂಡರ್ (ಮಿಥೈಲ್ ಓದುವ ಭಾಗ) ಮತ್ತು ಯುಡಿಆರ್ (ಯುಬಿಕ್ವಿಟಿನ್ ಓದುವ ಭಾಗ) ಎರಡೂ ಇರುವುದು; ಜಿಎಸ್‌ಟಿ ಅದನ್ನು ಮಣಿಗೆ ಅಂಟಿಸುವ ಪ್ರೋಟೀನ್ ಹಿಡಿಕೆ. ಅದನ್ನು ಗ್ಲುಟಾಥಯೋನ್ ಮಣಿಗಳ ಮೇಲೆ ಕೂರಿಸಿ, ಕೊಂಡು ತಂದ ಕೆ63 ಯುಬಿಕ್ವಿಟಿನ್ ಸರಪಳಿ (ಲೈಸಿನ್ 63ರ ಮೂಲಕ ಪೋಣಿಸಿದ 2ರಿಂದ 7 ಕೊಂಡಿ) ಹಾಕಿದರೆ ಏನೂ ಅಂಟುವುದಿಲ್ಲ. ಅದೇ ಸರಪಳಿ ರಾಪ್80 ಪ್ರೋಟೀನಿನ ಯುಐಎಂ (ಯುಬಿಕ್ವಿಟಿನ್ ಹಿಡಿಯುವ) ತುಣುಕಿಗೆ ಗಟ್ಟಿಯಾಗಿ ಅಂಟುತ್ತದೆ. 53ಬಿಪಿ1 ಪ್ರೋಟೀನ್ ಕೆಟ್ಟಿದೆಯೇ?

ಮೂರನೆಯದು, ಎಚ್2ಎ ಬ್ಲಾಟ್‌ನಲ್ಲಿ 23 ಕಿಲೋಡಾಲ್ಟನ್ ಹತ್ತಿರ ಒಂದು ಪಟ್ಟಿ (ಒಂದು ಯುಬಿಕ್ವಿಟಿನ್ ಹೊತ್ತ ಹಿಸ್ಟೋನ್ ಎಚ್2ಎ). ವಿಕಿರಣ ಕೊಟ್ಟರೂ ಕೊಡದಿದ್ದರೂ ಒಂದೇ ಗಾತ್ರ. ಎಂಜಿ132 ಹಾಕಿದ ಲೇನ್‌ಗಳಲ್ಲಿ ಅದೂ ಮಂಕು. ಲೈಸಿಸ್ ಬಫರ್‌ನಲ್ಲಿ ಎನ್‌ಇಎಂ (ಯುಬಿಕ್ವಿಟಿನ್ ಕೀಳುವ ಕಿಣ್ವಗಳನ್ನು ತಡೆಯಲು) 10 ಮಿಲಿಮೋಲಾರ್, ಡಿಟಿಟಿ (ರಿಡ್ಯೂಸಿಂಗ್ ಏಜೆಂಟ್) 5 ಮಿಲಿಮೋಲಾರ್, ಪ್ರೋಟಿಯೇಸ್ ತಡೆಯುವ ಮಾತ್ರೆ. ಎಲ್ಲಿಂದ ಹುಡುಕಬೇಕು?

ಕುಕ್ಕರಹಳ್ಳಿ

ಎಂಜಿ132 ನಿಲ್ಲಿಸಿ. ಅರ್ಧ ತೊಂದರೆ ಅಲ್ಲೇ ಇದೆ.

ಪ್ರೋಟಿಯಸೋಮ್ ತಡೆದರೆ ಯುಬಿಕ್ವಿಟಿನ್ ಉಳಿಯುತ್ತದೆ ಎಂಬ ಲೆಕ್ಕ ಕೊಳೆಸುವ ಗುರುತಾದ ಕೆ48 ಸರಪಳಿ ಹೊತ್ತ ಪ್ರೋಟೀನುಗಳಿಗೆ ಸರಿ, ಹಿಸ್ಟೋನಿಗೆ ತಲೆಕೆಳಗು. ಸೆಲ್‌ನಲ್ಲಿ ಬಿಡಿ ಯುಬಿಕ್ವಿಟಿನ್ ದಾಸ್ತಾನು ದೊಡ್ಡದಲ್ಲ. ಪ್ರೋಟಿಯಸೋಮ್ ನಿಂತರೆ ಕೊಳೆಯಬೇಕಿದ್ದ ಪ್ರೋಟೀನುಗಳೆಲ್ಲ ಸರಪಳಿ ಹೊತ್ತು ಸೈಟೋಪ್ಲಾಸಂನಲ್ಲಿ ಗುಡ್ಡೆಯಾಗುತ್ತವೆ, ದಾಸ್ತಾನೆಲ್ಲ ಅಲ್ಲಿ ಸಿಕ್ಕಿಬೀಳುತ್ತದೆ. ಇತ್ತ ಹಿಸ್ಟೋನಿನಿಂದ ಯುಬಿಕ್ವಿಟಿನ್ ಕೀಳುವ ಡಿಯುಬಿ ಕಿಣ್ವಗಳು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಕಿತ್ತ ಜಾಗಕ್ಕೆ ಮತ್ತೆ ಹಾಕಲು ಸರಕಿಲ್ಲ. ನಿಮ್ಮ 23ರ ಪಟ್ಟಿ ಮಂಕಾಗಲು ಇದೇ ಕಾರಣವಿರಬೇಕು. ಎಟಿಎಂ ಕೈನೇಸ್ ಎಚ್2ಎಎಕ್ಸ್‌ನ ಸೆರಿನ್ 139ಕ್ಕೆ ಫಾಸ್ಫೇಟ್ ಹಾಕಲು, ಆ ಫಾಸ್ಫೇಟನ್ನು ಎಂಡಿಸಿ1ರ ಬಿಆರ್‌ಸಿಟಿ ಜೋಡಿ ಹಿಡಿಯಲು ಯುಬಿಕ್ವಿಟಿನ್ ಬೇಡ. ಹಾಗಾಗಿ ಅಲ್ಲಿಯವರೆಗೆ ಎಲ್ಲ ಸರಿ ಕಾಣುತ್ತದೆ, ಮುಂದಿನದು ನಿಂತುಹೋಗುತ್ತದೆ.

ಮುಂದಿನದು ಎಂದರೆ: ಎಂಡಿಸಿ1ರ ಟಿಕ್ಯೂ ಜಾಗಗಳಿಗೂ ಎಟಿಎಂ ಫಾಸ್ಫೇಟ್ ಹಾಕುತ್ತದೆ, ಅದನ್ನು ಯುಬಿಕ್ವಿಟಿನ್ ಹಾಕುವ ಕಿಣ್ವ ಆರ್‌ಎನ್‌ಎಫ್8 ತನ್ನ ಎಫ್‌ಎಚ್‌ಎ ಡೊಮೈನಿನಿಂದ ಹಿಡಿಯುತ್ತದೆ (2007ರಲ್ಲಿ ಗೊತ್ತಾದದ್ದು). ಆರ್‌ಎನ್‌ಎಫ್8, ಯುಬಿಸಿ13 ಜೊತೆಗೂಡಿ ಕೆ63 ಸರಪಳಿ ಕಟ್ಟುತ್ತದೆ. ಕಟ್ಟುವುದು ಮುಖ್ಯವಾಗಿ ಲಿಂಕರ್ ಹಿಸ್ಟೋನ್ ಎಚ್1ರ ಮೇಲೆ ಎಂಬುದು 2015ರ ಕೆಲಸ. ಆ ಸರಪಳಿಯನ್ನು ಅಂಥದೇ ಇನ್ನೊಂದು ಕಿಣ್ವ ಆರ್‌ಎನ್‌ಎಫ್168 ತನ್ನ ಯುಡಿಎಂ1 ಭಾಗದಿಂದ ಓದಿ ಬಂದು ಕೂರುತ್ತದೆ, ಕೂತು ಎಚ್2ಎಯ ಲೈಸಿನ್ 13 ಅಥವಾ 15ಕ್ಕೆ ಒಂದು ಯುಬಿಕ್ವಿಟಿನ್ ಹಾಕುತ್ತದೆ (2012). 53ಬಿಪಿ1ಕ್ಕೆ ಬೇಕಾದದ್ದು ಈ ಕೊನೆಯ ಗುರುತು, ಅದರಲ್ಲೂ 15ರದ್ದು. ನಡುವಿನ ಕೆ63 ಸರಪಳಿ ಅದಕ್ಕೆ ಬೇಡ.

ಇಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ. ಪ್ರೋಟೀನ್ ಕೆಟ್ಟಿಲ್ಲ, ಎದುರಿಗಿಟ್ಟ ವಸ್ತು ತಪ್ಪು. ಯುಬಿಕ್ವಿಟಿನ್ 76 ಅಮೈನೋ ಆಮ್ಲದ, ಎಂಟೂವರೆ ಕಿಲೋಡಾಲ್ಟನ್‌ನ ಪ್ರೋಟೀನ್. ಎಲ್ಲಿ ಕೂತರೂ ಅದರ ಮುಖ ಒಂದೇ. ಬಹುಪಾಲು ಓದುಗ ಪ್ರೋಟೀನುಗಳು ಮುಟ್ಟುವುದು ಲ್ಯೂಸಿನ್ 8, ಐಸೊಲ್ಯೂಸಿನ್ 44, ವ್ಯಾಲಿನ್ 70 ಸೇರಿದ ಒಂದೇ ಎಣ್ಣೆಜಿಡ್ಡಿನ ಮಚ್ಚೆಯನ್ನು. ಒಂದು ಯುಐಎಂ ಒಂದು ಯುಬಿಕ್ವಿಟಿನ್ನನ್ನು ಹಿಡಿಯುವ ಬಲ ನೂರಾರು ಮೈಕ್ರೋಮೋಲಾರ್ ಮಟ್ಟದ್ದು, ಅಂದರೆ ತೀರಾ ಸಡಿಲ. ಹಾಗಿದ್ದ ಮೇಲೆ "ಇದು ಡಿಎನ್‌ಎ ತುಂಡಾದ ಜಾಗ" ಎಂದು ಗೊತ್ತಾಗುವುದು ಯುಬಿಕ್ವಿಟಿನ್‌ನಿಂದಲ್ಲ, ಅದರ ಅಕ್ಕಪಕ್ಕದಿಂದ. ರಾಪ್80 ನೋಡುವುದು ಕೊಂಡಿಗಳ ನಡುವಿನ ಅಂತರ: ಅದರ ಎರಡು ಯುಐಎಂಗಳು ಒಂದೇ ಹೆಲಿಕ್ಸ್ ಸಾಲಿನಲ್ಲಿ, ಕೆ63 ಸರಪಳಿಯ ಎರಡು ಕೊಂಡಿಗೆ ಸರಿಹೊಂದುವ ದೂರದಲ್ಲಿವೆ. ಕೆ48ರ ಮಡಚಿಕೊಂಡ ಸರಪಳಿಗೆ ಆ ಅಳತೆ ಕೂಡುವುದಿಲ್ಲ. 53ಬಿಪಿ1 ನೋಡುವುದು ನ್ಯೂಕ್ಲಿಯೋಸೋಮಿನ (ಹಿಸ್ಟೋನ್ ಉಂಡೆಗೆ ಡಿಎನ್‌ಎ ಸುತ್ತಿದ ಘಟಕ) ಮೈಯನ್ನು. ಟ್ಯೂಡರ್‌ನ ಸುಗಂಧಿ ಪಂಜರ (ಟ್ರಿಪ್ಟೊಫಾನ್ 1495, ಟೈರೋಸಿನ್ 1502, ಆಸ್ಪಾರ್ಟೇಟ್ 1521 ಇತ್ಯಾದಿ) ಎಚ್4 ಲೈಸಿನ್ 20ರ ಎರಡು ಮಿಥೈಲನ್ನು ಹಿಡಿಯುತ್ತದೆ. ಬರೀ ಪೆಪ್ಟೈಡ್ ಆದರೆ ಅದೂ 20 ಮೈಕ್ರೋಮೋಲಾರ್ ಸುಮಾರು. ಅದರ ಪಕ್ಕದ 1604–1631, ಅಂದರೆ ಯುಡಿಆರ್, ಯುಬಿಕ್ವಿಟಿನ್‌ಗೂ ನ್ಯೂಕ್ಲಿಯೋಸೋಮ್‌ಗೂ ನಡುವಿನ ಸಂದಿಯಲ್ಲಿ ತೂರಿ ಕೂರುತ್ತದೆ. 2013ರಲ್ಲಿ ಈ ಭಾಗ ಗುರುತಾಯಿತು, 2016ರ ಕ್ರಯೋ-ಇಎಂ ಚಿತ್ರದಲ್ಲಿ ಕೂತಿರುವ ರೀತಿ ಕಂಡಿತು. ನ್ಯೂಕ್ಲಿಯೋಸೋಮ್ ಇಲ್ಲದೆ ಸಂದಿಯೇ ಇಲ್ಲ, ಬಿಡಿ ಸರಪಳಿಗೆ ಅದು ಹೇಗೆ ಅಂಟೀತು?

ಇದರಿಂದ ಇನ್ನೊಂದು ತಿಳಿಯುತ್ತದೆ. ಎಚ್4ಕೆ20ರ ಎರಡು ಮಿಥೈಲ್ ಕ್ರೊಮ್ಯಾಟಿನ್ ತುಂಬ ಇರುವ ಗುರುತು, ತುಂಡಾದ ಜಾಗಕ್ಕೆ ವಿಶೇಷವಲ್ಲ. ಯುಬಿಕ್ವಿಟಿನ್ ಕೂಡ ಬೇರೆಡೆ ಬೇಕಾದಷ್ಟಿದೆ. ಎರಡೂ ಒಂದೇ ನ್ಯೂಕ್ಲಿಯೋಸೋಮಿನಲ್ಲಿ, ಸರಿಯಾದ ಲೈಸಿನ್ ಮೇಲೆ ಕೂಡಿದಾಗ ಮಾತ್ರ 53ಬಿಪಿ1 ನಿಲ್ಲುತ್ತದೆ.

ಬ್ಲಾಟ್_ಮಂಡ್ಯ

ಎಂಜಿ132 ವಿಷಯ ಒಪ್ಪಿದೆ. ಆದರೆ ಪಟ್ಟಿ ಮಂಕಾಗಿರೋದು ಅದರಿಂದಲೇ ಅಂತ ಈಗಲೇ ಹೇಳಕ್ಕಾಗಲ್ಲ ಕಣ್ರೀ. ಬಫರ್ ನೋಡಿ. ಎನ್‌ಇಎಂ ಅಂಟೋದು ಥಯಾಲ್‌ಗೆ (ಗಂಧಕದ ಗುಂಪು), ಡಿಟಿಟಿ ಅಣು ಒಂದಕ್ಕೆ ಎರಡು ಥಯಾಲ್. 5 ಮಿಲಿಮೋಲಾರ್ ಡಿಟಿಟಿ ಅಂದ್ರೆ 10 ಮಿಲಿಮೋಲಾರ್ ಥಯಾಲ್, ಹಾಕಿರೋ ಎನ್‌ಇಎಂ 10 ಮಿಲಿಮೋಲಾರ್. ಒಂದಕ್ಕೊಂದು ತಿಂದು ಸೊನ್ನೆ! ಡಿಯುಬಿಗಳು ಲೈಸೇಟಿನಲ್ಲಿ ಆರಾಮಾಗಿ ಯುಬಿಕ್ವಿಟಿನ್ ಬಿಡಿಸ್ಕೊಂಡು ಕೂತಿರ್ತವೆ.

ಲೈಸಿಸ್ ಬಫರ್‌ಗೆ ಡಿಟಿಟಿ, ಮರ್ಕ್ಯಾಪ್ಟೊಎಥನಾಲ್ ಯಾವುದೂ ಬೇಡ. ಎನ್‌ಇಎಂ 125 ಮಿಲಿಗ್ರಾಂ ತೂಗಿ 1 ಮಿಲೀ ಎಥನಾಲ್‌ಗೆ ಹಾಕಿದ್ರೆ ಹೆಚ್ಚುಕಮ್ಮಿ 1 ಮೋಲಾರ್. ಅವತ್ತೇ ಮಾಡಿ ಅವತ್ತೇ ಬಳಸಿ, ನೀರಲ್ಲಿ ಕರಗಿಸಿ ಇಟ್ಟರೆ ನಿಷ್ಕ್ರಿಯ ಆಗುತ್ತೆ. ಕಣ್ಣು ಉರಿಯುತ್ತೆ, ಹುಡ್ ಒಳಗೆ ತೂಗಿ. ಕೊನೆಗೆ 10ರಿಂದ 20 ಮಿಲಿಮೋಲಾರ್ ಇರಲಿ. ಆದರೆ ಎನ್‌ಇಎಂ ಕೊಲ್ಲೋದು ಸಿಸ್ಟೀನ್ ಇಟ್ಟುಕೊಂಡ ಡಿಯುಬಿಗಳನ್ನ ಮಾತ್ರ. ರಾಪ್80 ಜೊತೆಗೇ ಓಡಾಡೋ ಬಿಆರ್‌ಸಿಸಿ36 ಸತುವಿನ ಕಿಣ್ವ, ಅದು ಕಡಿಯೋದೂ ಕೆ63 ಸರಪಳೀನೇ. ಅದಕ್ಕೆ ಇಡಿಟಿಎ 5ರಿಂದ 10 ಮಿಲಿಮೋಲಾರ್ ಜೊತೆಗೆ ಫಿನಾಂತ್ರೋಲಿನ್ ಬೇಕು.

ಯಾವ ಕಾರಣ ಅಂತ ಬೇರ್ಪಡಿಸೋದು ಸುಲಭ. ಒಂದು ಡಿಶ್ ಸೆಲ್‌ಗಳನ್ನ ನೇರವಾಗಿ ಕುದಿಯೋ 2% ಎಸ್‌ಡಿಎಸ್‌ನಲ್ಲಿ ಕರಗಿಸಿ, ಸೋನಿಕೇಟ್ ಮಾಡಿ ಓಡಿಸಿ. ಅದರಲ್ಲಿ ಕಿಣ್ವಕ್ಕೆ ಟೈಮೇ ಸಿಗಲ್ಲ. ಅಲ್ಲೂ ಎಂಜಿ132 ಲೇನ್ ಮಂಕಾಗಿದ್ರೆ ಕುಕ್ಕರಹಳ್ಳಿಯವರು ಹೇಳಿದ್ದೇ ಕಾರಣ. ಅಲ್ಲಿ ಸರಿಯಾಗಿದ್ರೆ ಬಫರ್ ಕಾರಣ.

ಇನ್ನು ವಿಕಿರಣ ಕೊಟ್ಟರೂ ಪಟ್ಟಿ ಬದಲಾಗ್ತಿಲ್ಲ ಅಂದಿರಿ. ಬದಲಾಗಲ್ಲ. ಆ 23ರ ಪಟ್ಟಿ ಲೈಸಿನ್ 119ರದ್ದು. ಪಾಲಿಕೋಂಬ್ ಕೂಟದ ರಿಂಗ್1ಬಿ ಹಾಕೋ ಗುರುತು, ಜೀನ್ ಮುಚ್ಚೋಕೆ. ಎಚ್2ಎಯ ಶೇಕಡ 10ರ ಆಸುಪಾಸು ಅದನ್ನ ಹೊತ್ತಿರುತ್ತೆ. 2 ಗ್ರೇ ಕೊಟ್ಟು ಹುಟ್ಟೋ 13/15ರ ಗುರುತು ಇಡೀ ನ್ಯೂಕ್ಲಿಯಸ್ ಲೆಕ್ಕದಲ್ಲಿ ಲೆಕ್ಕಕ್ಕೇ ಬರಲ್ಲ, ಅದು ತುಂಡಿನ ಅಕ್ಕಪಕ್ಕ ಮಾತ್ರ ಇರೋದು. ಮೊತ್ತದ ಬ್ಲಾಟಲ್ಲಿ ಕಾಣ್ಬೇಕು ಅಂದ್ರೆ ಫ್ಲ್ಯಾಗ್-ಎಚ್2ಎ ಹಾಕಿ, ಅದರಲ್ಲಿ 118 ಮತ್ತು 119 ಲೈಸಿನ್ ಎರಡನ್ನೂ ಆರ್ಜಿನಿನ್ ಮಾಡಿ. ಉಳಿದ ಪಟ್ಟಿಯಲ್ಲಿ 13/15 ಹುಡುಕಬಹುದು. ಜೊತೆಗೆ 13 ಮತ್ತು 15 ಆರ್ಜಿನಿನ್ ಮಾಡಿದ್ದೊಂದು, ನಾಲ್ಕೂ ಮಾಡಿದ್ದೊಂದು. ಈ ಮೂರಿಲ್ಲದೆ ಆ ಪಟ್ಟಿಗೆ ಹೆಸರಿಡಬೇಡಿ.

ಹಿಸ್ಟೋನ್ ತೆಗೆಯೋಕೆ 0.2 ಮೋಲಾರ್ ಸಲ್ಫ್ಯೂರಿಕ್ ಆಮ್ಲ, 4 ಡಿಗ್ರಿಯಲ್ಲಿ 2 ಗಂಟೆಯಿಂದ ರಾತ್ರಿಯಿಡೀ. ತಿಳಿಯಿಂದ ಟಿಸಿಎ ಹಾಕಿ ಕೆಳಗೆ ಕೂರಿಸಿ, ತಣ್ಣನೆ ಅಸಿಟೋನ್‌ನಲ್ಲಿ ಎರಡು ಸಲ ತೊಳೆದು ನೀರಲ್ಲಿ ಕರಗಿಸಿ. ಯುಬಿಕ್ವಿಟಿನ್ ಹೊತ್ತ ಹಿಸ್ಟೋನೂ ಆಮ್ಲಕ್ಕೆ ಬರುತ್ತೆ. ಆಮ್ಲ ಉಳಿದುಬಿಟ್ರೆ ಲೋಡಿಂಗ್ ಡೈ ಹಳದಿ ಆಗುತ್ತೆ, ಪಟ್ಟಿ ಅಡ್ಡಾದಿಡ್ಡಿ ಓಡುತ್ತೆ. 15% ಜೆಲ್. ಮಾಸ್ ಸ್ಪೆಕ್‌ಗೆ ಕಳಿಸೋದಾದ್ರೆ ಅಯೋಡೊಅಸಿಟಮೈಡ್ ಬೇಡ, ಕ್ಲೋರೋಅಸಿಟಮೈಡ್ ಬಳಸಿ. ಅಯೋಡೊ ಎರಡು ಸಲ ಲೈಸಿನ್‌ಗೆ ಅಂಟಿದ್ರೆ 114 ಡಾಲ್ಟನ್, ಟ್ರಿಪ್ಸಿನ್ ಕಡಿದ ಮೇಲೆ ಯುಬಿಕ್ವಿಟಿನ್ ಬಿಟ್ಟುಹೋಗೋ ಗ್ಲೈಸಿನ್-ಗ್ಲೈಸಿನ್ ಬಾಲದ ತೂಕವೂ 114. ಇಲ್ಲದ ಯುಬಿಕ್ವಿಟಿನ್ ಕಾಣೋಕೆ ಅಷ್ಟು ಸಾಕು.

ಗ್ರೇ_ಲೆಕ್ಕ

ವಿಕಿರಣದ ಬಗ್ಗೆ ಮಾತ್ರ. ಗಾಮಾ-ಎಚ್2ಎಎಕ್ಸ್ ಬಂದಿದೆ ಎಂದರೆ ಡೋಸ್ ಹೋಗಿದೆ, ಎಷ್ಟು ಹೋಗಿದೆ ಎಂಬುದು ಬೇರೆ ಮಾತು. 6 ಎಂವಿ ಕಿರಣದ ಗರಿಷ್ಠ ಡೋಸ್ ಬೀಳುವುದು ನೀರಿನಲ್ಲಿ 1.5 ಸೆಂಟಿಮೀಟರ್ ಆಳದಲ್ಲಿ. ಡಿಶ್‌ನಲ್ಲಿ 2–3 ಮಿಲಿಮೀಟರ್ ಮೀಡಿಯಂ ಇಟ್ಟು ಮೇಲಿಂದ ಹೊಡೆದರೆ ಕವರ್‌ಸ್ಲಿಪ್‌ಗೆ 2 ಗ್ರೇಗಿಂತ ಕಡಿಮೆ ಸಿಗುತ್ತದೆ, ಮೀಡಿಯಂ ಓರೆಯಾಗಿದ್ದರೆ ಡಿಶ್‌ನ ಒಂದು ಬದಿಗೆ ಇನ್ನೂ ಕಡಿಮೆ. ಗ್ಯಾಂಟ್ರಿ 180 ಡಿಗ್ರಿಗೆ ತಿರುಗಿಸಿ, ಡಿಶ್‌ನ ಕೆಳಗೆ ಒಂದೂವರೆ ಸೆಂಟಿಮೀಟರ್ ಘನ-ನೀರಿನ ಹಲಗೆ, ಮೇಲೆ 5 ಸೆಂಟಿಮೀಟರ್ ಹಲಗೆ ಇಟ್ಟು ಕೆಳಗಿನಿಂದ ಹೊಡೆಯುವುದು ಒಳ್ಳೆಯದು. ಫೀಲ್ಡ್ ಡಿಶ್‌ಗಿಂತ ಎಲ್ಲ ಬದಿಗೂ ಕನಿಷ್ಠ 2 ಸೆಂಟಿಮೀಟರ್ ದೊಡ್ಡದಿರಲಿ.

ಆಸ್ಪತ್ರೆಯಿಂದ ಲ್ಯಾಬಿಗೆ ಹೋಗುವ ದಾರಿ ಕೂಡ ಪ್ರಯೋಗದ ಒಳಗೇ ಬರುತ್ತದೆ. ಆಟೋದಲ್ಲಿ 28 ಡಿಗ್ರಿಯಲ್ಲಿ ಕಳೆದ 25 ನಿಮಿಷವನ್ನು "37 ಡಿಗ್ರಿಯಲ್ಲಿ 1 ಗಂಟೆ" ಎಂಬ ಲೆಕ್ಕಕ್ಕೆ ಸೇರಿಸಬೇಕೇ ಬೇಡವೇ ಎಂಬ ಗೊಂದಲವೇ ಬೇಡ. ಚಿಕ್ಕ ಒಣ ಹೀಟ್-ಬ್ಲಾಕ್ ಮತ್ತು ಫಿಕ್ಸೇಟಿವ್ ಅಲ್ಲಿಗೇ ಒಯ್ಯಿರಿ, ಮೀಡಿಯಂಗೆ 20 ಮಿಲಿಮೋಲಾರ್ ಹೆಪಿಸ್ ಸೇರಿಸಿ. ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೂ ಒಂದು ಗಂಟೆ ಪಿಎಚ್ ನಿಲ್ಲುತ್ತದೆ. ವಿಕಿರಣ ಕೊಡದ ಕಂಟ್ರೋಲ್ ಡಿಶ್ ಕೂಡ ಅದೇ ಪಯಣ ಮಾಡಲಿ.

ಒಂದು ಗ್ರೇಗೆ ಒಂದು ಸೆಲ್‌ನಲ್ಲಿ ಸುಮಾರು 20ರಿಂದ 40 ಕಡೆ ಎರಡೆಳೆ ತುಂಡಾಗುತ್ತದೆ. 2 ಗ್ರೇಗೆ 53ಬಿಪಿ1 ಚುಕ್ಕೆಗಳನ್ನು ಎಣಿಸಬಹುದು, 5 ದಾಟಿದರೆ ಒಂದರ ಮೇಲೊಂದು ಬೀಳುತ್ತವೆ.

ಕುಕ್ಕರಹಳ್ಳಿ

ಎಣಿಕೆಯ ಮಾತು ಬಂದದ್ದರಿಂದ: ವಿಕಿರಣವಿಲ್ಲದ ಯು2ಓಎಸ್‌ನಲ್ಲೂ ಜಿ1 ಹಂತದಲ್ಲಿ ಕೆಲವೇ ಕೆಲವು ದಪ್ಪ 53ಬಿಪಿ1 ಮುದ್ದೆಗಳು ಇರುತ್ತವೆ. ಅವು ಹಿಂದಿನ ಸುತ್ತಿನಲ್ಲಿ ಪೂರ್ತಿ ನಕಲಾಗದ ಡಿಎನ್‌ಎಯ ಉಳಿಕೆ. ಎಣಿಸಬೇಡಿ. ಸೈಕ್ಲಿನ್ ಎ ಜೊತೆಗೆ ಬಣ್ಣ ಹಾಕಿದರೆ ಹಂತ ಗೊತ್ತಾಗುತ್ತದೆ. ದುಂಡಗಾಗಿ ಕ್ರೋಮೋಸೋಮ್ ಗಟ್ಟಿಕಟ್ಟಿದ ಸೆಲ್‌ಗಳನ್ನೂ ಬಿಡಿ: ಮೈಟೋಸಿಸ್‌ನಲ್ಲಿ ಆರ್‌ಎನ್‌ಎಫ್8ರ ಥ್ರಿಯೋನಿನ್ 198ಕ್ಕೂ ಯುಡಿಆರ್ ಒಳಗಿನ ಥ್ರಿಯೋನಿನ್ 1609, ಸೆರಿನ್ 1618ಕ್ಕೂ ಫಾಸ್ಫೇಟ್ ಬಿದ್ದು ಈ ದಾರಿಯೇ ಮುಚ್ಚಿರುತ್ತದೆ. ಗಾಮಾ-ಎಚ್2ಎಎಕ್ಸ್ ಇದ್ದು 53ಬಿಪಿ1 ಇಲ್ಲದ ಸೆಲ್ ಅಲ್ಲಿ ಸಹಜ.

ಎಂಜಿ132 ಬಿಟ್ಟ ಮೇಲೂ ಚುಕ್ಕೆ ಬಾರದಿದ್ದರೆ ಎಫ್‌ಕೆ2 ಆಂಟಿಬಾಡಿ ಹಾಕಿ ನೋಡಿ, ಅದು ಅಂಟಿಕೊಂಡ ಯುಬಿಕ್ವಿಟಿನ್ನನ್ನು ಮಾತ್ರ ಗುರುತಿಸುತ್ತದೆ, ಬಿಡಿಯದನ್ನಲ್ಲ. ಎಂಡಿಸಿ1 ಇದ್ದು ಎಫ್‌ಕೆ2 ಇಲ್ಲ ಎಂದರೆ ಆರ್‌ಎನ್‌ಎಫ್8 ಅಥವಾ ಯುಬಿಸಿ13 ಕಡೆ ಹುಡುಕಿ. ರಾಪ್80 ಮತ್ತು ಇನ್ನೊಂದು ದುರಸ್ತಿ ಪ್ರೋಟೀನ್ ಬಿಆರ್‌ಸಿಎ1ಕ್ಕೆ ಬಣ್ಣ ಹಾಕುವಾಗ ಫಿಕ್ಸ್ ಮಾಡುವ ಮುಂಚೆ 0.5% ಟ್ರೈಟನ್ ಇರುವ ತಣ್ಣನೆಯ ಸಿಎಸ್‌ಕೆ ಬಫರ್‌ನಲ್ಲಿ 3ರಿಂದ 5 ನಿಮಿಷ ತೊಳೆದರೆ ಕ್ರೊಮ್ಯಾಟಿನ್‌ಗೆ ಅಂಟದ್ದು ಹೋಗುತ್ತದೆ. 53ಬಿಪಿ1ಕ್ಕೆ ಅದು ಬೇಕಿಲ್ಲ, ಹೆಚ್ಚು ಹೊತ್ತಾದರೆ ಸೆಲ್‌ಗಳೇ ಕಳಚಿಹೋಗುತ್ತವೆ.

ಸರಸ್ವತಿಪುರಂ_ಸೆಲ್

ಹಾಗಾದರೆ ಪುಲ್‌ಡೌನ್‌ಗೆ (ಮಣಿಗಳ ಪ್ರಯೋಗಕ್ಕೆ) ನ್ಯೂಕ್ಲಿಯೋಸೋಮ್ ಬೇಕೇಬೇಕು. ಮಾರ್ಪಡಿಸಿದ ನ್ಯೂಕ್ಲಿಯೋಸೋಮ್ ಹೊರದೇಶದಿಂದ ತರಿಸುವ ಬಜೆಟ್ ಇಲ್ಲ. ಇಲ್ಲೇ ಮಾಡಿಕೊಳ್ಳುವ ದಾರಿ ಇದೆಯೇ? ಬಿಆರ್‌ಸಿಎ1-ಬಾರ್ಡ್1 ಕೂಡ ಇದೇ ಗುರುತನ್ನು ಓದುತ್ತದೆ ಎನ್ನುತ್ತಾರೆ. ಒಂದೇ ತಯಾರಿಯಲ್ಲಿ ಎರಡನ್ನೂ ನೋಡಬಹುದೇ?

ಕುಕ್ಕರಹಳ್ಳಿ

ನೋಡಬಹುದು, ಆದರೆ ಒಂದೇ ನ್ಯೂಕ್ಲಿಯೋಸೋಮ್ ಎರಡಕ್ಕೂ ಹೊಂದುವುದಿಲ್ಲ. ಬಾರ್ಡ್1ರ ಬಿಆರ್‌ಸಿಟಿ ಜೋಡಿ ಎಚ್2ಎಕೆ15 ಯುಬಿಕ್ವಿಟಿನ್ನನ್ನು ಓದುತ್ತದೆ (2021ರಲ್ಲಿ ರಚನೆ ಕಂಡಿತು). ಅದರ ಆಂಕಿರಿನ್ ಭಾಗ ಹುಡುಕುವುದು ಮಿಥೈಲ್ ಇಲ್ಲದ ಎಚ್4ಕೆ20. ಡಿಎನ್‌ಎ ನಕಲಾದ ಕೂಡಲೇ ಹೊಸ ಹಿಸ್ಟೋನ್ ಮಿಥೈಲ್ ಇಲ್ಲದೆ ಬಂದಿರುತ್ತದೆ, ಆದ್ದರಿಂದ ಅಲ್ಲಿ ಬಿಆರ್‌ಸಿಎ1, ನಕಲಾಗದ ಕಡೆ 53ಬಿಪಿ1. ಯುಬಿಕ್ವಿಟಿನ್ ಒಂದೇ, ಆಯ್ಕೆ ಮಿಥೈಲ್‌ನದ್ದು.

ನಿಮಗೆ ಇದು ಅನುಕೂಲವೇ ಆಯಿತು. ಎಚ್‌ಇಕೆ293 ಸೆಲ್‌ಗಳಿಂದ ಮೈಕ್ರೋಕಾಕಲ್ ನ್ಯೂಕ್ಲಿಯೇಸ್ ಹಾಕಿ ತೆಗೆದ ನ್ಯೂಕ್ಲಿಯೋಸೋಮ್‌ಗಳಲ್ಲಿ ಎಚ್4ರ ಬಹುಪಾಲಿಗೆ ಆಗಲೇ ಎರಡು ಮಿಥೈಲ್ ಇದೆ, ಅದು 53ಬಿಪಿ1ಕ್ಕೆ. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಹಿಸ್ಟೋನ್‌ಗೆ ಮಿಥೈಲ್ ಇಲ್ಲ, ಅದನ್ನು ವಿಡಂ 601 ಅನುಕ್ರಮದ 147 ಜೋಡಿ ಡಿಎನ್‌ಎ ಮೇಲೆ ಕಟ್ಟಿದರೆ ಬಾರ್ಡ್1ಕ್ಕೆ. ಬ್ಯಾಕ್ಟೀರಿಯಾದ ಎಚ್4 ಇಟ್ಟುಕೊಂಡು 53ಬಿಪಿ1 ಅಂಟುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವುದು ತುಂಬಾ ಸಾಮಾನ್ಯ. ಅದಕ್ಕೂ ಅಂಟಿಸಬೇಕೆಂದರೆ ಲೈಸಿನ್ 20ನ್ನು ಸಿಸ್ಟೀನ್ ಮಾಡಿ ರಾಸಾಯನಿಕವಾಗಿ ಮಿಥೈಲ್-ಲೈಸಿನ್‌ನಂಥದ್ದನ್ನು ಕೂರಿಸಬೇಕು.

ಎರಡರ ಮೇಲೂ ಯುಬಿಕ್ವಿಟಿನ್ ಹಾಕುವ ಕ್ರಮ ಒಂದೇ. 50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, ಉಪ್ಪು 100, ಮೆಗ್ನೀಸಿಯಂ ಕ್ಲೋರೈಡ್ 10, ಎಟಿಪಿ 3, ಡಿಟಿಟಿ 1 ಮಿಲಿಮೋಲಾರ್, ಸತುವಿನ ಅಸಿಟೇಟ್ 1 ಮೈಕ್ರೋಮೋಲಾರ್. ಯುಬಿಕ್ವಿಟಿನ್ ಸಕ್ರಿಯಗೊಳಿಸುವ ಇ1 ಕಿಣ್ವ 30ರಿಂದ 100 ನ್ಯಾನೋಮೋಲಾರ್, ಅದನ್ನು ಸಾಗಿಸುವ ಇ2 ಆಗಿ ಯುಬಿಸಿಎಚ್5 ಸುಮಾರು 1.5 ಮೈಕ್ರೋಮೋಲಾರ್, ಆರ್‌ಎನ್‌ಎಫ್168 4, ಯುಬಿಕ್ವಿಟಿನ್ 20 ಮೈಕ್ರೋಮೋಲಾರ್. 30 ಡಿಗ್ರಿಯಲ್ಲಿ 4 ಗಂಟೆ. ಇಲ್ಲಿಂದ ಶುರುಮಾಡಿ ನಿಮ್ಮ ಕಿಣ್ವಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಇಲ್ಲಿ ಡಿಟಿಟಿ ಬೇಕು, ಇ1 ಮತ್ತು ಇ2 ಸಿಸ್ಟೀನ್ ಮೇಲೆಯೇ ಯುಬಿಕ್ವಿಟಿನ್ ಹೊರುತ್ತವೆ. ಎನ್‌ಇಎಂ ಲವಲೇಶ ಉಳಿದ ತಯಾರಿ ಹಾಕಿದರೆ ಎಲ್ಲ ಸತ್ತಂತೆ.

ಆರ್‌ಎನ್‌ಎಫ್168 ಪೂರ್ತಿ ಉದ್ದದ್ದು ಬೇಡ, 1–113 ತುಣುಕು ಸಾಕು. ಪೂರ್ತಿ ಪ್ರೋಟೀನಿನ ಬಾಲದಲ್ಲಿರುವ ಯುಡಿಎಂ2, ತಾನೇ ಹಾಕಿದ ಕೆ15 ಗುರುತನ್ನು ತಾನೇ ಓದಿ ಅದರ ಮೇಲೆ ಕೂತುಬಿಡುತ್ತದೆ, 53ಬಿಪಿ1ಕ್ಕೆ ಜಾಗ ಬಿಡುವುದಿಲ್ಲ. ಸೆಲ್ ಒಳಗೆ ಆರ್‌ಎನ್‌ಎಫ್169 ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಬಿಡಿ ಎಚ್2ಎ-ಎಚ್2ಬಿ ಜೋಡಿಯ ಮೇಲೆ ಈ ಕ್ರಿಯೆ ಮಾಡಬೇಡಿ: ಆರ್‌ಎನ್‌ಎಫ್168ಕ್ಕೆ ಸರಿಯಾದ ಲೈಸಿನ್ ತೋರಿಸುವುದು ನ್ಯೂಕ್ಲಿಯೋಸೋಮಿನ ಆಮ್ಲೀಯ ಮಚ್ಚೆ. ಅದನ್ನು ಹಿಡಿಯುವ ಲಾನಾ ಪೆಪ್ಟೈಡ್ ಸೇರಿಸಿದರೆ ಕ್ರಿಯೆ ನಿಲ್ಲಬೇಕು, ಒಳ್ಳೆಯ ಕಂಟ್ರೋಲ್. ಎಚ್‌ಇಕೆ ನ್ಯೂಕ್ಲಿಯೋಸೋಮ್‌ನಲ್ಲಿ 119ರ ಗುರುತು ಮೊದಲೇ ಇರುವುದರಿಂದ ಇ1 ಇಲ್ಲದ ಒಂದು ಟ್ಯೂಬ್ ಕಡ್ಡಾಯ.

ಬ್ಲಾಟ್_ಮಂಡ್ಯ

ಪುಲ್‌ಡೌನ್ ಓದೋವಾಗ ಒಂದು ಗಮನಿಸಿ. ನ್ಯೂಕ್ಲಿಯೋಸೋಮ್ ಒಂದಕ್ಕೆ ಎಚ್2ಎ ಎರಡು. ಒಂದಕ್ಕೆ ಮಾತ್ರ ಯುಬಿಕ್ವಿಟಿನ್ ಬಿದ್ದಿದ್ರೂ 53ಬಿಪಿ1 ಹಿಡಿಯುತ್ತೆ, ಬ್ಲಾಟಲ್ಲಿ ಮಾರ್ಪಡದ ಎಚ್2ಎಯೂ ಜೊತೆಗೇ ಬರುತ್ತೆ. ಗಾಬರಿ ಬೇಡ. ಇನ್‌ಪುಟ್‌ಗೆ ಹೋಲಿಸಿದ್ರೆ ಮೇಲಿನ ಪಟ್ಟಿಯ ಪಾಲು ಹೆಚ್ಚಿರಬೇಕು, ಅಷ್ಟೇ. ಕಂಟ್ರೋಲ್‌ಗೆ ಒಂದೊಂದು ಅಮೈನೋ ಆಮ್ಲ ಬದಲಿಸಿದ ಎರಡು ತುಣುಕು: ಡಿ1521ಆರ್ (ಟ್ಯೂಡರ್ ಹೋಗುತ್ತೆ), ಎಲ್1619ಎ (ಯುಡಿಆರ್ ಹೋಗುತ್ತೆ). ಎರಡರಲ್ಲೂ ಅಂಟು ಬಿದ್ದುಹೋಗ್ಬೇಕು. ಡಿ1521ಆರ್ ಮಾತ್ರ ಬಿದ್ದು ಎಲ್1619ಎ ಅಂಟಿದ್ರೆ ನೀವು ನೋಡ್ತಿರೋದು ಬರೀ ಮಿಥೈಲ್, ಯುಬಿಕ್ವಿಟಿನ್ ಅಲ್ಲ.

ಜಿಎಸ್‌ಟಿ ಇರೋದನ್ನೇ ಇಟ್ಕೊಳ್ಳಿ, ಎಂಬಿಪಿಗೆ ಬದಲಾಯಿಸಬೇಡಿ. 53ಬಿಪಿ1 ಸೆಲ್ ಒಳಗೆ 1231–1270 ಭಾಗದಿಂದ ಗುಂಪು ಕಟ್ಟುತ್ತೆ, ನಿಮ್ಮ ತುಣುಕಲ್ಲಿ ಅದಿಲ್ಲ. ಜಿಎಸ್‌ಟಿ ತಾನೇ ಜೋಡಿಯಾಗೋದ್ರಿಂದ ಆ ಕೊರತೆ ಸ್ವಲ್ಪ ತುಂಬುತ್ತೆ. ಸೆಲ್‌ಗೆ ಹಾಕೋ ತುಣುಕು ಬೇಕಂದ್ರೆ 1220–1711 ತಗೊಳ್ಳಿ. ತೊಳೆಯೋ ಬಫರ್‌ನಲ್ಲಿ ಉಪ್ಪು 150 ಮಿಲಿಮೋಲಾರ್, ಎನ್‌ಪಿ-40 0.05%, ಬಿಎಸ್‌ಎ 0.1%. ಬ್ಯಾಕ್‌ಗ್ರೌಂಡ್ ಜಾಸ್ತಿ ಅಂತ ಉಪ್ಪು ಏರಿಸ್ತಾ ಹೋದ್ರೆ ನಿಜವಾದ ಅಂಟೂ ಹೋಗುತ್ತೆ, ಬಿಎಸ್‌ಎ ಏರಿಸಿ ನೋಡಿ.

ನ್ಯೂಕ್ಲಿಯೋಸೋಮ್ ಕಟ್ಟೋವಾಗ 2 ಮೋಲಾರ್ ಉಪ್ಪಿನಿಂದ ಪಂಪ್ ಇಟ್ಟು ರಾತ್ರಿಯಿಡೀ ನಿಧಾನಕ್ಕೆ ಇಳಿಸೋದು ಪುಸ್ತಕದ ದಾರಿ. ರಾತ್ರಿ ಕರೆಂಟ್ ಹೋಗಿ ಪಂಪ್ ನಿಂತ್ರೆ ಎಲ್ಲಿಗೆ ಬಂದಿತ್ತು ಅಂತಾನೇ ಗೊತ್ತಾಗಲ್ಲ. ಮೆಟ್ಟಿಲು ಮೆಟ್ಟಿಲಾಗಿ ಡಯಾಲಿಸಿಸ್ ಚೀಲವನ್ನ 2, 1, 0.8, 0.6, ಕೊನೆಗೆ 0.1 ಮೋಲಾರ್‌ಗೆ ಬದಲಾಯಿಸಿ, ಒಂದೊಂದರಲ್ಲೂ 2 ಗಂಟೆ, ಎಲ್ಲ 4 ಡಿಗ್ರಿಯಲ್ಲಿ. ಹಗಲಲ್ಲೇ ಮುಗಿಯುತ್ತೆ. ಆಕ್ಟಮರ್ (ಎಂಟು ಹಿಸ್ಟೋನಿನ ಉಂಡೆ) ಮತ್ತು ಡಿಎನ್‌ಎ ಪ್ರಮಾಣ 0.8ರಿಂದ 1.2ರವರೆಗೆ ನಾಲ್ಕೈದು ಚಿಕ್ಕ ಟ್ಯೂಬ್‌ಗಳಲ್ಲಿ ಮೊದಲು ನೋಡಿ. 5% ನೇಟಿವ್ ಜೆಲ್, ತಣ್ಣಗಿಟ್ಟು ಓಡಿಸಿ. ಬಿಡಿ ಡಿಎನ್‌ಎ ಉಳಿದಿದ್ರೆ ಆಕ್ಟಮರ್ ಸಾಲದು, ಬಾವಿಯಲ್ಲೇ ಕೂತಿದ್ರೆ ಆಕ್ಟಮರ್ ಹೆಚ್ಚಾಯ್ತು. ಆದ ಮೇಲೆ ಫ್ರೀಜರ್‌ಗೆ ಹಾಕಬೇಡಿ, 4 ಡಿಗ್ರಿಯಲ್ಲಿ ಕೆಲವು ವಾರ ಇರುತ್ತೆ. ಬಳಸೋ ಮುಂಚೆ ಮತ್ತೊಂದು ಸಲ ನೇಟಿವ್ ಜೆಲ್ ಓಡಿಸಿ.